ಆಟೋಮ್ಯಾಟಿಕ್ ಗಾಡಿ ಗೇರ್ ಬದಲಾಗುವಾಗ ಜಗ್ಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಆಟೋಮ್ಯಾಟಿಕ್ ಗಾಡಿಗಳು ಜಾಸ್ತಿ ಆದಂತೆ ಗ್ಯಾರೇಜಿಗೆ ಬರುವ ದೂರುಗಳೂ ಬದಲಾಗಿವೆ. ಮೊದಲು ‘ಕ್ಲಚ್ ಪ್ಲೇಟ್ ಹೋಗಿದೆ’ ಅಂತ ಬರ್ತಿದ್ದವರು ಈಗ ‘ಗಾಡಿ ಜಗ್ಗುತ್ತೆ’, ‘ಗೇರ್ ಬೀಳುವಾಗ ಧಡ್ ಅನ್ನುತ್ತೆ’ ಅಂತ ಬರ್ತಾರೆ. ಬಹಳಷ್ಟು ಜನ ನಮ್ಮಲ್ಲಿಗೆ ಬರುವ ಹೊತ್ತಿಗೆ ಇನ್ನೊಂದು ಕಡೆ ‘ಗೇರ್ ಬಾಕ್ಸ್ ಇಳಿಸಬೇಕು’ ಅನ್ನೋ ಮಾತು ಕೇಳಿ ಗಾಬರಿಯಾಗಿರ್ತಾರೆ. ನಮ್ಮ ಕ್ರಮ ಇಷ್ಟೇ: ಕಡಿಮೆ ಖರ್ಚಿನದು ಮೊದಲು, ದುಬಾರಿಯದು ಕೊನೆಗೆ. ಬ್ಯಾಟರಿ, ಆಯಿಲ್, ಮೌಂಟಿಂಗ್ (ಇಂಜಿನ್, ಬಾಕ್ಸ್ ಕೂರುವ ರಬ್ಬರ್), ಸ್ಕ್ಯಾನ್, ಇವಿಷ್ಟೂ ಆಗೋ ತನಕ ಬಾಕ್ಸ್ ಇಳಿಸೋಕೆ ಒಪ್ಪಿಗೆ ಕೊಡಬೇಡಿ.

ಗೇರ್ ಬದಲಾಗುವಾಗ ಗಾಡಿ ಜಗ್ಗುತ್ತೆ. ಗೇರ್ ಬಾಕ್ಸ್ ಹೋಯ್ತಾ?

ನಿಮ್ಮ ಗಾಡಿಯಲ್ಲಿ ಯಾವ ಬಾಕ್ಸ್ ಇದೆ ಅಂತ ಗೊತ್ತಾಗದೆ ಇದಕ್ಕೆ ಉತ್ತರ ಇಲ್ಲ. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ನಮ್ಮ ರಸ್ತೆಗಳಲ್ಲಿ ಓಡೋದು ಮುಖ್ಯವಾಗಿ ನಾಲ್ಕು ಜಾತಿ.

ಎಎಂಟಿ: ಒಳಗಿರೋದು ಮಾಮೂಲಿ ಕೈಗೇರಿನ ಬಾಕ್ಸೇ. ಕ್ಲಚ್ ಒತ್ತೋದು, ಗೇರ್ ಹಾಕೋದು ಮಾತ್ರ ಮೋಟಾರು ಮತ್ತು ಆಯಿಲ್ ಒತ್ತಡದ ಕೆಲಸ. ಮಾರುತಿ 2014ರಲ್ಲಿ ಸೆಲೆರಿಯೊಗೆ ಇದನ್ನು ಹಾಕಿದ ಮೇಲೆ ವ್ಯಾಗನ್ ಆರ್, ಡಿಸೈರ್, ಟಿಯಾಗೊ, ಕ್ವಿಡ್ ಎಲ್ಲಕ್ಕೂ ಬಂತು. ಟಾರ್ಕ್ ಕನ್ವರ್ಟರ್: ಹಳೇ, ನಂಬಿಕಸ್ಥ ಪದ್ಧತಿ, ಇಂಜಿನ್ ಎಳೆತವನ್ನು ಬಾಕ್ಸಿಗೆ ಆಯಿಲ್ ಮೂಲಕ ದಾಟಿಸುತ್ತೆ. ಬ್ರೆಝಾ, ಇನ್ನೋವಾ ಕ್ರಿಸ್ಟಾ, ಎಕ್ಸ್‌ಯುವಿ 700 ಇತ್ಯಾದಿ. ಸಿವಿಟಿ: ಗೇರುಗಳೇ ಇಲ್ಲ, ಎರಡು ಪುಲ್ಲಿ ನಡುವೆ ಒಂದು ಉಕ್ಕಿನ ಬೆಲ್ಟು. ಹೋಂಡಾ ಸಿಟಿ, ಅಮೇಝ್. ಡಿಸಿಟಿ: ಒಂದು, ಮೂರು, ಐದಕ್ಕೆ ಒಂದು ಕ್ಲಚ್ಚು, ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಫೋಕ್ಸ್‌ವ್ಯಾಗನ್‌ನವರು ಇದನ್ನೇ ಡಿಎಸ್‌ಜಿ ಅಂತಾರೆ.

ಹೆಸರು ನೋಡಿ ಮೋಸ ಹೋಗಬೇಡಿ. ಕ್ರೆಟಾ ಒಂದರಲ್ಲೇ ಪೆಟ್ರೋಲಿಗೆ ಸಿವಿಟಿ ಜಾತಿಯದು, ಡೀಸೆಲ್ಲಿಗೆ ಟಾರ್ಕ್ ಕನ್ವರ್ಟರ್, ಟರ್ಬೊ ಪೆಟ್ರೋಲಿಗೆ ಡಿಸಿಟಿ ಬಂದಿದೆ. ಒಬ್ಬರ ಕ್ರೆಟಾಗೆ ಹೇಳಿದ ಮದ್ದು ಪಕ್ಕದ ಮನೆಯವರ ಕ್ರೆಟಾಗೆ ಆಗೋದಿಲ್ಲ. ಗೇರ್ ಲಿವರಿನಲ್ಲಿ ‘ಪಿ’ ಅನ್ನೋ ಜಾಗವೇ ಇಲ್ಲದಿದ್ದರೆ ಅದು ಹೆಚ್ಚುಕಮ್ಮಿ ಎಎಂಟಿ ಅಂತಲೇ ತಿಳ್ಕೊಳ್ಳಿ. ಉಳಿದದ್ದಕ್ಕೆ ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ.

ನಮ್ಮದು ಎಎಂಟಿ. ತಗೊಂಡ ದಿನದಿಂದಲೂ ಒಂದರಿಂದ ಎರಡಕ್ಕೆ ಹೋಗುವಾಗ ತಲೆ ಮುಂದಕ್ಕೆ ವಾಲುತ್ತೆ. ಇದು ದೋಷವೇ?

ಅಲ್ಲ. ಕ್ಲಚ್ ಬಿಟ್ಟು ಮತ್ತೆ ಹಿಡಿಯುವ ನಡುವೆ ಇಂಜಿನ್ ಎಳೆತ ಒಂದು ಕ್ಷಣ ನಿಲ್ಲುತ್ತೆ, ಅದೇ ನಿಮಗೆ ಗೊತ್ತಾಗೋದು. ಗೇರ್ ಬದಲಾಗೋ ಹೊತ್ತಿಗೆ ಆಕ್ಸಿಲರೇಟರ್ ಮೇಲಿನ ಕಾಲು ತುಸು ಸಡಿಲ ಮಾಡಿ, ಅರ್ಧ ತೊಂದರೆ ಅಲ್ಲೇ ಹೋಗುತ್ತೆ. ಪೂರ್ತಿ ಒತ್ತಿಕೊಂಡೇ ಓಡಿಸುವವರಿಗೆ ಈ ವಾಲಾಟ ಯಾವತ್ತೂ ತಪ್ಪಲ್ಲ.

ಎಎಂಟಿಯೇ, ಆದರೆ ಈಚೆಗೆ ಜಾಸ್ತಿ ಆಗಿದೆ. ಹಂಪ್ ದಾಟಿ ಎತ್ತುವಾಗ ನಡುಗುತ್ತೆ, ಏರಿನಲ್ಲಿ ಹಿಂದಕ್ಕೆ ಜಾರುತ್ತೆ.

ಇದಕ್ಕೆ ಕೆಲಸ ಇದೆ. ಮೊದಲ ಅನುಮಾನ ಕ್ಲಚ್ ಪ್ಲೇಟಿನ ಮೇಲೆ. ಎಎಂಟಿಯಲ್ಲೂ ಪ್ಲೇಟ್ ಸವೆಯುತ್ತೆ, ಕಾಲಲ್ಲಿ ಒತ್ತೋಕೆ ಪೆಡಲ್ ಇಲ್ಲದ್ದರಿಂದ ಸವೆದದ್ದು ನಮಗೆ ಗೊತ್ತಾಗಲ್ಲ ಅಷ್ಟೇ. ಮಂಡಿಪೇಟೆಯಂಥ ಕಡೆ ದಿನವೂ ಇಂಚಿಂಚು ತೆವಳುವ ಗಾಡಿಯ ಪ್ಲೇಟು ಹೈವೇ ಗಾಡಿಗಿಂತ ಬೇಗ ಸವೆಯುತ್ತೆ.

ಪ್ಲೇಟಿಗೆ ಕೈ ಹಾಕೋ ಮುಂಚೆ ಎರಡು ವಿಷಯ ನೋಡಿಸಿ. ಒಂದು, ಆಕ್ಚುಯೇಟರಿನ, ಅಂದರೆ ನಮ್ಮ ಬದಲು ಕ್ಲಚ್ ಒತ್ತಿ ಗೇರ್ ಹಾಕುವ ಭಾಗದ, ಆಯಿಲ್ ಮಟ್ಟ. ಗೇರ್ ಬಾಕ್ಸಿನ ಆಯಿಲೇ ಬೇರೆ, ಇದೇ ಬೇರೆ, ಇದಕ್ಕೆ ಪುಟ್ಟ ಡಬ್ಬಿ ಪ್ರತ್ಯೇಕ ಇರುತ್ತೆ. ಸರ್ವಿಸಿನಲ್ಲಿ ಇದನ್ನು ಮರೆಯುವವರೇ ಹೆಚ್ಚು. ಎರಡು, ಕ್ಲಚ್ ಲರ್ನಿಂಗ್. ಪ್ಲೇಟು ಎಲ್ಲಿ ಕಚ್ಚಲು ಶುರು ಮಾಡುತ್ತೆ ಅನ್ನೋದನ್ನು ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತೆ. ಸವೆದಂತೆ ಆ ಜಾಗ ಬದಲಾಗುತ್ತೆ. ಸ್ಕ್ಯಾನರ್ ಹಾಕಿ ಹೊಸದಾಗಿ ಕಲಿಸಿದರೆ ಕೆಲವು ಗಾಡಿಗಳು ಅಲ್ಲೇ ಸರಿಯಾಗುತ್ತವೆ. ಹೊಸ ಪ್ಲೇಟ್ ಹಾಕಿ ಈ ಕಲಿಕೆ ಮಾಡದೆ ಕಳಿಸಿದ ಗಾಡಿ ಮೊದಲಿಗಿಂತ ಹೆಚ್ಚು ಜಗ್ಗುತ್ತೆ. ಹಾಗೆ ಬಂದವರಿಗೆ ಪ್ಲೇಟು ಡೂಪ್ಲಿಕೇಟು ಅಂತ ಅನುಮಾನ. ಪ್ಲೇಟು ಒರಿಜಿನಲ್ಲೇ ಇರುತ್ತೆ, ಬಾಕಿ ಉಳಿದಿರೋದು ಕೆಲಸ.

ಇನ್ನೊಂದು ಗುರುತು. ಮಾರುತಿ ಎಎಂಟಿ ಗಾಡಿಯಲ್ಲಿ ಬೆಳಿಗ್ಗೆ ಡ್ರೈವರ್ ಬಾಗಿಲು ತೆಗೆದ ಕೂಡಲೇ ಬಾನೆಟ್ ಕಡೆಯಿಂದ ‘ಝುಂಯ್’ ಅಂತ ಸಣ್ಣ ಸದ್ದು ಬರುತ್ತೆ. ಪಂಪು ಆಯಿಲ್ ಒತ್ತಡ ಏರಿಸ್ತಾ ಇರೋದು ಅದು. ಒಮ್ಮೆ ಬಂದು ನಿಂತರೆ ಸರಿ. ಗಾಡಿ ನಿಂತಲ್ಲೇ ಇದ್ದು, ಗೇರೂ ಬದಲಾಗದೆ, ಆ ಸದ್ದು ಬಿಟ್ಟು ಬಿಟ್ಟು ಬರ್ತಾನೇ ಇದ್ದರೆ ಒತ್ತಡ ಎಲ್ಲೋ ಸೋರ್ತಾ ಇದೆ. ಆಗ ಪ್ಲೇಟ್ ಬದಲಿಸಿ ಪ್ರಯೋಜನ ಇಲ್ಲ.

ಬೆಳಿಗ್ಗೆ ಮೊದಲ ಐದು ನಿಮಿಷ ಮಾತ್ರ ಒರಟು, ಆಮೇಲೆ ಬೆಣ್ಣೆ ಹಾಗೆ ನಡೆಯುತ್ತೆ.

ತಣ್ಣಗಿರುವಾಗ ಆಯಿಲ್ ಮಂದ, ಇಂಜಿನ್ ಐಡ್ಲಿಂಗ್ ಕೂಡ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ತುಸು ಒರಟಾದರೆ ತಲೆ ಕೆಡಿಸ್ಕೋಬೇಡಿ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಹೋಗಿ. ಏಪ್ರಿಲ್ ಬಿಸಿಲಲ್ಲೂ ಹಾಗೇ ಇದ್ದರೆ ಆಯಿಲ್ ಮಟ್ಟ ನೋಡಿಸಬೇಕು.

ಉಲ್ಟಾ. ತಣ್ಣಗಿದ್ದಾಗ ಚೆನ್ನಾಗಿದೆ, ಬಿಸಿ ಆದ ಮೇಲೆ ಜಗ್ಗುತ್ತೆ.

ಇದನ್ನು ಹಗುರವಾಗಿ ತಗೋಬೇಡಿ. ಟಾರ್ಕ್ ಕನ್ವರ್ಟರ್ ಬಾಕ್ಸಿನಲ್ಲಿ ಆಯಿಲ್ ಬರೀ ನುಣುಪಿಗೆ ಇರೋದಲ್ಲ. ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯೋದೂ ಅದೇ, ಬಿಸಿ ಹೊತ್ತು ಹೊರಗೆ ಹಾಕೋದೂ ಅದೇ. ಬಿಸಿಯಾದಾಗ ಅದು ತೆಳುವಾಗುತ್ತೆ. ಹಳೇ ಆಯಿಲ್ ಇನ್ನೂ ತೆಳು. ಸವೆದ ಸೀಲುಗಳ ಪಕ್ಕದಿಂದ, ಆಯಿಲ್ ಒತ್ತಡವನ್ನು ಆಯಾ ಕ್ಲಚ್ಚಿಗೆ ಹಂಚುವ ವಾಲ್ವ್ ಬಾಡಿಯ ಸಂದುಗಳಿಂದ ಒತ್ತಡ ಸೋರಿಹೋಗುತ್ತೆ. ಕ್ಲಚ್ಚು ತಡವಾಗಿ ಹಿಡಿಯುತ್ತೆ, ಇಂಜಿನ್ ಒಂದು ಕ್ಷಣ ಬರಿದೇ ಕೂಗುತ್ತೆ, ಆಮೇಲೆ ಧಡ್ ಅಂತ ಹಿಡ್ಕೊಳ್ಳುತ್ತೆ.

ಮಾಮೂಲಿ ಓಟದಲ್ಲಿ ಈ ಆಯಿಲ್ 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತೆ. 120 ದಾಟಿದರೆ ಅದರ ಆಯುಷ್ಯ ಬೇಗ ಬೇಗ ಕರಗುತ್ತೆ. ಹೊರಗೇ 40 ಡಿಗ್ರಿ ಹತ್ತಿರ ಇರುವ ನಮ್ಮ ಬೇಸಿಗೆಯಲ್ಲಿ, ಏಳು ಜನ ಕೂತು, ಎಸಿ ಹಾಕಿ, ಜೋಗಿಮಟ್ಟಿ ಏರು ಹತ್ತಿಸಿದರೆ ಸ್ಕ್ಯಾನರಿನಲ್ಲಿ ಈ ಸಂಖ್ಯೆ ಏರೋದನ್ನು ಕಣ್ಣಾರೆ ನೋಡಬಹುದು.

ಹಾಗಾಗಿ ಬಿಸಿ ದೂರು ಬಂದಾಗ ಆಯಿಲ್ ಜೊತೆಗೆ ಅದನ್ನು ತಣಿಸುವ ಕೂಲರ್ ನೋಡಬೇಕು. ನಮ್ಮ ಕಡೆ ಇದಕ್ಕೊಂದು ಸ್ಥಳೀಯ ಕಾರಣವೂ ಇದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ಮೇಲೇ ಒಕ್ಕಣೆ, ರಸ್ತೆ ಮೇಲೇ ಒಣಗಿಸೋದು. ಹಾರುವ ಹೊಟ್ಟು ಹೋಗಿ ಕೂರೋದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿನಲ್ಲಿ. ಮುಂದಿನಿಂದ ನೋಡಿದರೆ ಜಾಲರಿ ಫಳಫಳ, ನಡುವೆ ಬೆರಳು ದಪ್ಪದ ಹೊಟ್ಟಿನ ಪದರ. ಬಂಪರ್ ಸಡಿಲಿಸಿ ಹಿಂದಿನಿಂದ ಮುಂದಕ್ಕೆ ಹಗುರ ಗಾಳಿ ಹೊಡೆದು ತೆಗೀಬೇಕು. ವಾಟರ್ ಸರ್ವಿಸಿನಲ್ಲಿ ಜೋರು ನೀರು ಬಿಟ್ಟರೆ ಫಿನ್ನುಗಳು ಮಡಚಿ ಇನ್ನೂ ಕೆಡುತ್ತೆ. ಅದೇ ಹೊಟ್ಟು ಏರ್ ಫಿಲ್ಟರನ್ನೂ ಕಟ್ಟುತ್ತೆ, ಗಾಳಿ ಅಳೆಯುವ ಸೆನ್ಸರಿಗೂ ಧೂಳು ಮೆತ್ತುತ್ತೆ. ಇಂಜಿನ್ ಎಷ್ಟು ಎಳೀತಿದೆ ಅನ್ನೋ ಲೆಕ್ಕದ ಮೇಲೇ ಬಾಕ್ಸಿನ ಕಂಪ್ಯೂಟರ್ ಒತ್ತಡ ತೀರ್ಮಾನಿಸೋದು. ಲೆಕ್ಕ ತಪ್ಪಿದರೆ ಒತ್ತಡ ತಪ್ಪಿತು, ಗೇರ್ ಒರಟಾಯ್ತು. ಏರ್ ಫಿಲ್ಟರ್ ಬದಲಿಸಿ, ಥ್ರಾಟಲ್ ಬಾಡಿ ತೊಳೆದು ಸರಿಹೋದ ‘ಗೇರ್ ಬಾಕ್ಸ್ ದೂರು’ಗಳು ಬೇಕಾದಷ್ಟಿವೆ.

ಹೈವೇಯಲ್ಲಿ 60, 70ರ ಸ್ಪೀಡಿನಲ್ಲಿ ಹಗುರ ಕಾಲಿಟ್ಟು ಹೋಗುವಾಗ ಗಾಡಿ ನಡುಗುತ್ತೆ. ವೀಲ್ ಬ್ಯಾಲೆನ್ಸ್ ಮಾಡಿಸಿದೆ, ಹೋಗಿಲ್ಲ.

ಟೋಲ್ ಹತ್ತಿರ ರಸ್ತೆಗೆ ಅಡ್ಡ ಹಾಕಿರುವ ಸಾಲು ಪಟ್ಟಿಗಳ ಮೇಲೆ ಹೋದಂತೆ ಒಂದೆರಡು ಸೆಕೆಂಡ್ ನಡುಕ ಬಂದು ನಿಲ್ಲುತ್ತಾ? ಹಾಗಿದ್ದರೆ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಮೇಲೆ ಅನುಮಾನ. ಒಂದೇ ವೇಗದಲ್ಲಿ ಸಾಗುವಾಗ ಡೀಸೆಲ್ ಉಳಿಸಲು ಈ ಕ್ಲಚ್ಚು ಇಂಜಿನ್ನನ್ನೂ ಬಾಕ್ಸನ್ನೂ ನೇರ ಬಿಗಿಯುತ್ತೆ. ಆಯಿಲಿನ ಹಿಡಿತದ ಗುಣ ಕೆಟ್ಟಾಗ ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತೆ.

ಆನಗೋಡು, ಭರಮಸಾಗರ ಕಡೆಯ ನೇರ ದಾರಿಯಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ ಹೀಗೆ ಪರೀಕ್ಷೆ ಮಾಡ್ತೀವಿ: ನಡುಕ ಬಂದ ಕೂಡಲೇ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟೋದು. ಬ್ರೇಕ್ ಸಿಗ್ನಲ್ ಹೋದರೆ ಲಾಕಪ್ ಬಿಡುತ್ತೆ. ನಡುಕ ಆ ಕ್ಷಣಕ್ಕೇ ನಿಂತರೆ ಕಾರಣ ಲಾಕಪ್ ಕಡೆಯದು. ನಿಲ್ಲದಿದ್ದರೆ ಟಯರು, ಆಕ್ಸಲ್, ಮೌಂಟಿಂಗ್ ಕಡೆ ಹೋಗ್ತೀವಿ. ಒಂದು ಎಚ್ಚರ: ಇಗ್ನಿಷನ್ ಕಾಯಿಲ್ ಅಥವಾ ಸ್ಪಾರ್ಕ್ ಪ್ಲಗ್ ಕೆಟ್ಟು ಒಂದು ಸಿಲಿಂಡರ್ ತಪ್ಪಿದರೂ ಲಾಕಪ್ ಬಿದ್ದಾಗಲೇ ಅದು ಚೆನ್ನಾಗಿ ಗೊತ್ತಾಗೋದು, ಯಾಕೆಂದರೆ ನಡುವೆ ಮೆತ್ತಗೆ ಮಾಡುವ ಆಯಿಲ್ ಆಗ ಇರಲ್ಲ. ಸ್ಕ್ಯಾನರಿನಲ್ಲಿ ಮಿಸ್‌ಫೈರ್ ಎಣಿಕೆ ನೋಡದೆ ಕನ್ವರ್ಟರಿಗೆ ಕೈ ಹಾಕಬಾರದು.

ಲಾಕಪ್ ನಡುಕ ಶುರುವಿನಲ್ಲೇ ಸಿಕ್ಕರೆ ಆಯಿಲ್ ಬದಲಾವಣೆಯಲ್ಲೇ ಬಹಳ ಸಲ ಹೋಗುತ್ತೆ. ತಿಂಗಳುಗಟ್ಟಲೆ ಹಾಗೇ ಓಡಿಸಿದರೆ ಕ್ಲಚ್ಚಿನ ಲೈನಿಂಗ್ (ಹಿಡಿತದ ಪದರ) ಉದುರಿ ವಾಲ್ವ್ ಬಾಡಿಗೆ ಸೇರುತ್ತೆ, ಕನ್ವರ್ಟರಿನ ಖರ್ಚು ವಾಲ್ವ್ ಬಾಡಿಗೂ ಹಬ್ಬುತ್ತೆ.

ಪಿಯಿಂದ ಡಿಗೋ ಆರ್‌ಗೋ ಹಾಕಿದಾಗ ಧಡ್ ಅನ್ನುತ್ತೆ.

ಇಳಿಜಾರಿನಲ್ಲಿ ನಿಲ್ಲಿಸಿದ್ದಾಗ ಮಾತ್ರ ಆಗೋದಾದರೆ ದೋಷ ನಿಲ್ಲಿಸುವ ರೀತಿಯದ್ದು. ಗಾಡಿಯ ಭಾರವೆಲ್ಲ ಬಾಕ್ಸಿನೊಳಗಿನ ಒಂದು ಪುಟ್ಟ ಕೊಂಡಿ ಮೇಲೆ ನಿಂತಿರುತ್ತೆ. ಕಾಲು ಬ್ರೇಕ್ ಒತ್ತಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಸಡಿಲಿಸಿ ಗಾಡಿ ಹ್ಯಾಂಡ್ ಬ್ರೇಕಿನ ಮೇಲೆ ನಿಂತ ಮೇಲೆ ಪಿ ಹಾಕಿ. ಸಮತಟ್ಟಿನಲ್ಲೂ ಧಡ್ ಅಂದರೆ ಮೊದಲು ಇಂಜಿನ್ ಮತ್ತು ಗೇರ್ ಬಾಕ್ಸ್ ಮೌಂಟಿಂಗ್ ನೋಡಿಸಿ. ಬಾನೆಟ್ ಎತ್ತಿ, ಒಬ್ಬರು ಬ್ರೇಕ್ ಒತ್ತಿಹಿಡಿದು ಡಿ, ಆರ್ ಬದಲಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಮುಂದೆ ನಿಲ್ಲಬೇಡಿ. ಇಂಜಿನ್ ಎದ್ದು ಕೂತಂತೆ ಅಲ್ಲಾಡಿದರೆ ರಬ್ಬರ್ ಹರಿದಿದೆ. ಹಳ್ಳಿ ದಾರಿಯ ಹಂಪುಗಳ ಮೇಲೆ ಓಡುವ ಗಾಡಿಗಳಲ್ಲಿ ಇದು ಮಾಮೂಲು.

‘ಈ ಆಯಿಲ್ ಜೀವಮಾನ ಪೂರ್ತಿ, ಬದಲಿಸೋದು ಬೇಡ’ ಅಂತ ಶೋರೂಮಿನಲ್ಲಿ ಹೇಳಿದರು. ನಿಜವಾ?

ಯಾರ ಜೀವಮಾನ ಅಂತ ಕೇಳಬೇಕಿತ್ತು. ಪುಸ್ತಕದಲ್ಲೂ ಕೆಲವು ಕಂಪನಿಗಳು ಹಾಗೇ ಬರೀತಾರೆ, ಆದರೆ ‘ಕಠಿಣ ಬಳಕೆ’ ಅನ್ನೋ ಕಾಲಂ ಬೇರೆ ಇರುತ್ತೆ. ಬಿಸಿಲು, ಧೂಳು, ತೆವಳುವ ಟ್ರಾಫಿಕ್, ತುಂಬಿದ ಭಾರ, ಇವೇ ಆ ಕಾಲಮ್ಮಿನಲ್ಲಿರೋದು. ನಮ್ಮ ಊರಿನ ಬೇಸಿಗೆ ಅದಕ್ಕೆ ಸೇರಲಿಲ್ಲ ಅಂದರೆ ಇನ್ಯಾವುದು ಸೇರುತ್ತೆ! ಪುಸ್ತಕದಲ್ಲಿ ಕಿಲೋಮೀಟರ್ ಹಾಕಿದ್ದರೆ ಅದನ್ನೇ ಪಾಲಿಸಿ. ಹಾಕಿಲ್ಲದಿದ್ದರೆ ಟಾರ್ಕ್ ಕನ್ವರ್ಟರಿಗೆ 60ರಿಂದ 80 ಸಾವಿರ ಕಿಲೋಮೀಟರ್, ಸಿವಿಟಿಗೆ 40ರಿಂದ 60 ಸಾವಿರ ಅನ್ನೋದು ನಮ್ಮ ರೂಢಿ.

ಆಯಿಲ್ ಹೇಗಿದೆ ಅಂತ ನೀವೇ ನೋಡಬಹುದು. ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಡಿಸಿ. ಹೊಸ ಆಯಿಲ್ ಹೆಚ್ಚಿನವು ಕೆಂಪು, ಆದರೆ ಎಲ್ಲವೂ ಅಲ್ಲ. ಹನಿ ಅಗಲವಾಗಿ ಹರಡಿ ತಿಳಿಗೆಂಪೋ ತಿಳಿಗಂದೋ ಕಂಡರೆ ಚಿಂತೆ ಇಲ್ಲ. ನಡುವೆ ಕಪ್ಪು ಚುಕ್ಕೆ ಉಳಿದು ಸುತ್ತ ಕಂದು ಅಂಚು ನಿಂತರೆ, ಮೂಗಿಗೆ ಹಿಡಿದಾಗ ಸೀದ ವಾಸನೆ ಬಂದರೆ, ಒಳಗೆ ಲೈನಿಂಗ್ ಸುಟ್ಟಿದೆ. ಗುಲಾಬಿ ಬಣ್ಣಕ್ಕೆ ತಿರುಗಿ ನೊರೆ ನೊರೆಯಾಗಿದ್ದರೆ ಕೂಲರ್ ಒಡೆದು ಕೂಲಂಟ್ ಸೇರಿದೆ ಅಂತ. ಆಗ ಗಾಡಿಯನ್ನು ಒಂದು ಕಿಲೋಮೀಟರೂ ಓಡಿಸಬೇಡಿ, ನೀರು ತಗಲಿದ ಲೈನಿಂಗ್ ಅಂಟು ಬಿಡುತ್ತೆ.

ಆಯಿಲ್ ಇಳಿಸುವಾಗ ಎದುರಿಗೇ ನಿಂತು ಆಯಸ್ಕಾಂತ ನೋಡಿ. ಡ್ರೈನ್ ಬೋಲ್ಟಿನ ತುದಿಯಲ್ಲಿ ಅಥವಾ ಪ್ಯಾನಿನ ತಳದಲ್ಲಿ ಅದು ಇರುತ್ತೆ. ಅದರ ಮೇಲೆ ಬೂದುಬಣ್ಣದ ನುಣ್ಣನೆ ಪೇಸ್ಟು, ಬೆರಳಲ್ಲಿ ಉಜ್ಜಿದರೆ ಕಾಡಿಗೆಯಷ್ಟು ನಯ ಇದ್ದರೆ ಅದು ಮಾಮೂಲಿ ಸವೆತ. ಉಗುರಿಗೆ ತಗಲುವ ಚೂರು, ಸೂಜಿಯಂಥ ಎಳೆ ಸಿಕ್ಕರೆ ಬೇರಿಂಗೋ ಗೇರೋ ತಿನ್ನುತ್ತಿದೆ. ಬಾಕ್ಸ್ ಇಳಿಸೋ ಮಾತಿಗೆ ಬೆಲೆ ಬರೋದು ಆಗ.

ಮಟ್ಟ ಹೇಗೆ ನೋಡೋದು? ನಮ್ಮ ಗಾಡಿಗೆ ಡಿಪ್‌ಸ್ಟಿಕ್ಕೇ ಇಲ್ಲ.

ಈಗಿನ ಬಹಳ ಗಾಡಿಗಳಿಗೆ ಇಲ್ಲ. ಲಿಫ್ಟಿನ ಮೇಲೆ ಗಾಡಿ ಸಮತಟ್ಟಾಗಿರಬೇಕು, ಇಂಜಿನ್ ಓಡ್ತಾ ಇರಬೇಕು, ಬ್ರೇಕ್ ಒತ್ತಿ ಲಿವರನ್ನು ಎಲ್ಲ ಜಾಗಕ್ಕೂ ಒಂದು ಸುತ್ತು ಆಡಿಸಿ ಪಿಗೆ ತರಬೇಕು. ಸ್ಕ್ಯಾನರಿನಲ್ಲಿ ಆಯಿಲ್ ಬಿಸಿ ಕಂಪನಿ ಹೇಳಿದ ಮಿತಿಯಲ್ಲಿರಬೇಕು, ಹಲವು ಆರು ಗೇರಿನ ಬಾಕ್ಸುಗಳಿಗೆ ಅದು 35ರಿಂದ 45 ಡಿಗ್ರಿ ಆಸುಪಾಸು. ಆಗ ಮಟ್ಟದ ಬೋಲ್ಟ್ ತೆಗೆದರೆ ಸಣ್ಣ ಧಾರೆ ಬಂದು ಹನಿಹನಿಗೆ ಇಳಿಯಬೇಕು. ಇಂಜಿನ್ ಆಫ್ ಮಾಡಿ ಅಳೆದದ್ದು, ಹೈವೇಯಿಂದ ಬಂದ ಬಿಸಿಯಲ್ಲೇ ಅಳೆದದ್ದು, ಎರಡೂ ಸುಳ್ಳು ಲೆಕ್ಕ. ಅರ್ಧ ಲೀಟರ್ ಕಡಿಮೆಯಾದರೂ ಜಗ್ಗುತ್ತೆ. ಜಾಸ್ತಿಯಾದರೆ ನೊರೆಯೆದ್ದು ಜಗ್ಗುತ್ತೆ.

ಕೆಂಪಗಿರೋ ಯಾವ ಆಯಿಲ್ ಆದರೂ ಆಗುತ್ತಾ?

ಇಲ್ಲ. ಟೊಯೊಟಾಗೆ ಡಬ್ಲ್ಯುಎಸ್, ಹ್ಯುಂಡೈ ಆರು ಗೇರಿಗೆ ಎಸ್‌ಪಿ-4, ಹೋಂಡಾ ಸಿವಿಟಿಗೆ ಎಚ್‌ಸಿಎಫ್-2, ಹೀಗೆ ಒಂದೊಂದಕ್ಕೂ ಹಿಡಿತದ ಲೆಕ್ಕ ಬೇರೆ. ಸಿವಿಟಿಗೆ ಮಾಮೂಲಿ ಗೇರ್ ಆಯಿಲ್ ಸುರಿದರೆ ಬೆಲ್ಟು ಜಾರಿ ಬಾಕ್ಸೇ ಹೋಗಬಹುದು. ಡಬ್ಬಿಯ ಸೀಲ್ ನಿಮ್ಮ ಎದುರೇ ಒಡೆಯಲಿ.

ಮಷಿನ್ ಹಾಕಿ ಫ್ಲಶ್ ಮಾಡಿಸಲಾ, ಬರೀ ಇಳಿಸಿ ತುಂಬಿಸಲಾ?

ಇಳಿಸಿದಾಗ ಪೂರ್ತಿ ಆಯಿಲ್ ಬರಲ್ಲ, ಕನ್ವರ್ಟರಿನೊಳಗೆ ಅರ್ಧದಷ್ಟು ಉಳಿದೇ ಇರುತ್ತೆ. ಒಂದೇ ಸಲಕ್ಕೆ ಎಲ್ಲ ಬದಲಾಗೋದು ಮಷಿನ್ನಿನಲ್ಲೇ. ಆದರೂ ಒಂದೂವರೆ ಲಕ್ಷ ಕಿಲೋಮೀಟರ್ ಓಡಿ, ಒಮ್ಮೆಯೂ ಬದಲಿಸದ ಗಾಡಿಗೆ ನಾನು ಮಷಿನ್ ಹಾಕಲ್ಲ. ಇಳಿಸಿ ತುಂಬಿಸಿ, ಸಾವಿರ ಕಿಲೋಮೀಟರ್ ಓಡಿಸಿ, ಮತ್ತೆ ಇಳಿಸಿ ತುಂಬಿಸ್ತೀನಿ. ಪ್ಯಾನ್ ಬಿಚ್ಚಿ ಫಿಲ್ಟರ್ ಸಿಗುವಂತಿದ್ದರೆ ಅದನ್ನೂ ಬದಲಿಸಬೇಕು. ಇದರಲ್ಲಿ ಬೇರೆ ಮೆಕ್ಯಾನಿಕ್‌ಗಳಿಗೆ ಬೇರೆ ಅಭಿಪ್ರಾಯ ಇದೆ, ಜಗಳಕ್ಕೆ ಹೋಗಲ್ಲ.

ಗೇರ್ ನಯವಾಗಿಸುವ ಬಾಟಲಿ ಔಷಧ ಬರುತ್ತಲ್ಲ?

ಗಾಡಿ ಮಾರೋ ತನಕ ನಯವಾಗಿಟ್ಟರೆ ಸಾಕು ಅನ್ನುವವರು ಹಾಕ್ತಾರೆ.

ಆನ್‌ಲೈನಿನಲ್ಲಿ ತಗೊಂಡ ಸಣ್ಣ ಸ್ಕ್ಯಾನರ್ ಹಾಕಿದೆ, ಪಿ0700 ಅಂತ ಬಂತು. ಏನದು?

‘ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ದೂರಿದೆ, ಅಲ್ಲಿ ಹೋಗಿ ನೋಡು’ ಅಂತ ಇಂಜಿನ್ ಕಂಪ್ಯೂಟರ್ ಹೇಳ್ತಿರೋದು ಅಷ್ಟೇ. ಇದನ್ನೇ ಹಿಡ್ಕೊಂಡು ಬಾಕ್ಸ್ ಬಿಚ್ಚುವವರು ಇದ್ದಾರೆ, ದೂರ ಇರಿ. ಅಗ್ಗದ ಸ್ಕ್ಯಾನರುಗಳು ಬಹಳ ಗಾಡಿಗಳಲ್ಲಿ ಇಂಜಿನ್ ತನಕ ಮಾತ್ರ ಹೋಗ್ತವೆ. ಬಾಕ್ಸಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ.

ಅಲ್ಲಿ ಸಿಗುವ ಕೋಡುಗಳಲ್ಲೂ ದಾರಿ ಬೇರೆ ಬೇರೆ. ಪಿ0715, ಪಿ0720 ಬಂದರೆ ವೇಗ ಅಳೆಯುವ ಸೆನ್ಸರ್ ಅಥವಾ ಅದರ ವೈರು. ಪಿ0750 ಸಾಲಿನವು ಶಿಫ್ಟ್ ಸೊಲೆನಾಯ್ಡ್, ಅಂದರೆ ಗೇರ್ ಬದಲಿಸಲು ಆಯಿಲ್ ದಾರಿ ತೆರೆದು ಮುಚ್ಚುವ ಕರೆಂಟಿನ ವಾಲ್ವು. ಪಿ0741 ಲಾಕಪ್ ಹಿಡೀತಿಲ್ಲ ಅಂತ. ಪಿ0218 ಬಾಕ್ಸ್ ಅತಿ ಬಿಸಿ. ಪಿ0562 ಕರೆಂಟ್ ಕಡಿಮೆ. ಕೋಡು ದೂರು ಎಲ್ಲಿದೆ ಅಂತ ಹೇಳುತ್ತೆ, ಯಾವ ಪಾರ್ಟ್ ಬದಲಿಸಬೇಕು ಅಂತ ಹೇಳಲ್ಲ. ಸೊಲೆನಾಯ್ಡ್ ಕೋಡು ಬಂದಾಗ ಮೊದಲು ಕನೆಕ್ಟರ್ ಬಿಚ್ಚಿ, ಪಿನ್ನುಗಳಲ್ಲಿ ಹಸಿರು ತುಕ್ಕು ಇದೆಯಾ, ಇಲಿ ವೈರ್ ಕಡಿದಿದೆಯಾ ನೋಡ್ತೀವಿ. ಗದ್ದೆ ಪಕ್ಕದ ಮನೆಗಳವರ ಗಾಡಿಗಳಲ್ಲಿ ಇಲಿ ಕಾಟ ತಮಾಷೆಯಲ್ಲ. ಕೋಡು ಅಳಿಸೋ ಮೊದಲು ಫೋಟೊ ತಗೊಳ್ಳಿ. ಅಳಿಸಿ ಕಳಿಸಿದರೆ ಮುಂದಿನವರಿಗೆ ಏನೂ ಉಳಿಯಲ್ಲ.

ಬ್ಯಾಟರಿ ಬದಲಿಸಿದ ಮೇಲೆ ಜಗ್ಗೋಕೆ ಶುರುವಾಯ್ತು. ಬ್ಯಾಟರಿಗೂ ಗೇರಿಗೂ ಏನು ಸಂಬಂಧ?

ಬಾಕ್ಸು ಸವೆದಂತೆ ಎಷ್ಟೆಷ್ಟು ಒತ್ತಬೇಕು ಅಂತ ಕಂಪ್ಯೂಟರ್ ದಿನಾ ಕಲೀತಾ ಇರುತ್ತೆ. ಕೆಲವು ಗಾಡಿಗಳಲ್ಲಿ ಬ್ಯಾಟರಿ ವೈರ್ ತೆಗೆದರೆ ಆ ಕಲಿಕೆ ಅಳಿಸಿಹೋಗುತ್ತೆ. ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಹೈವೇ ಕಡೆ ಹೋಗಿ, ನಿಂತಲ್ಲಿಂದ ಹಗುರ ಕಾಲಿನಲ್ಲಿ 80ರ ತನಕ ಏರಿಸಿ, ಕಾಲು ತೆಗೆದು ತಾನೇ ಇಳಿಯೋಕೆ ಬಿಟ್ಟು, ನಿಧಾನ ನಿಲ್ಲಿಸಿ. ಹೀಗೇ ಹತ್ತಾರು ಸಲ ಮಾಡಿದರೆ ಸಾಮಾನ್ಯವಾಗಿ ಸರಿಯಾಗುತ್ತೆ. ಡಿಸಿಟಿ ಮತ್ತು ಎಎಂಟಿಗೆ ಸ್ಕ್ಯಾನರಿನಿಂದಲೇ ಕಲಿಸೋದು ಉತ್ತಮ.

ಬ್ಯಾಟರಿ ಹಳೆಯದಾಗಿದ್ದರೂ ಇದೇ ಕಥೆ. ರಾತ್ರಿ ನಿಂತ ಗಾಡಿಯಲ್ಲಿ 12.4 ವೋಲ್ಟಿಗಿಂತ ಕೆಳಗಿದ್ದರೆ ಅನುಮಾನ ಪಡಿ. ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ತಿಂಗ್ ವೈರ್ ಬಿಗಿಯಾಗಿದೆಯಾ ನೋಡಿಸಿ.

ಹೆಬ್ಬಾಳು ಟೋಲ್ ದಾಟಿದ ಮೇಲೆ ಮೀಟರಿನಲ್ಲಿ ಲೈಟ್ ಬಂದು, ಗಾಡಿ ಒಂದೇ ಗೇರಿನಲ್ಲಿ ನಿಂತುಬಿಡ್ತು. ಓಡಿಸಬಹುದಾ?

ಬಾಕ್ಸು ತನ್ನನ್ನು ತಾನೇ ಕಾಪಾಡಿಕೊಳ್ಳಲು ಒಂದು ನಡುಗೇರಿನಲ್ಲಿ, ಹೆಚ್ಚಾಗಿ ಮೂರೋ ನಾಲ್ಕೋ, ನಿಂತಿದೆ. ಪಕ್ಕಕ್ಕೆ ನಿಲ್ಲಿಸಿ. ಬಿಸಿಯ ಎಚ್ಚರಿಕೆ ಬಂದಿದ್ದರೆ ಟಾರ್ಕ್ ಕನ್ವರ್ಟರ್ ಗಾಡಿಯ ಇಂಜಿನ್ ಆಫ್ ಮಾಡಬೇಡಿ. ಪಿಯಲ್ಲಿ ಓಡ್ತಾ ಇರಲಿ, ಇಂಜಿನ್ ಓಡಿದರೇನೇ ಪಂಪು ಆಯಿಲನ್ನು ಕೂಲರಿಗೆ ತಳ್ಳೋದು. ಇಂಜಿನ್ನೇ ಬಿಸಿಯಾಗಿದ್ದರೆ ಮಾತ್ರ ಆಫ್ ಮಾಡಿ. ಬಿಸಿಯ ಮಾತಿಲ್ಲದಿದ್ದರೆ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಸರಿಹೋದರೂ ಮನೆಗೆ ಹೋಗಿ ಮರೆತುಬಿಡಬೇಡಿ, ಕೋಡು ಒಳಗೆ ಉಳಿದಿರುತ್ತೆ.

ಎಳೆದೊಯ್ಯುವುದಾದರೆ ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು. ಎಳೆಯುವ ಚಕ್ರಗಳು ನೆಲದ ಮೇಲೆ ಉರುಳ್ತಾ ಹೋದರೆ ಒಳಗೆ ಆಯಿಲ್ ಹರಿಯದೆ ಒಣಗಿ ಸುಡುತ್ತೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದ ಗಾಡಿಗಳ ಬಿಲ್ಲು ನೋಡಿದರೆ ಗೊತ್ತಾಗುತ್ತೆ.

ಡಿಸಿಟಿ ಗಾಡಿ. ನಾಯಕನಹಟ್ಟಿ ತೇರಿಗೆ ಹೋದಾಗ ಜಗ್ಗಿ ಜಗ್ಗಿ ಸಾಕಾಯ್ತು, ಮರುದಿನ ಸರಿ.

ಬೇಸಿಗೆ ಬಿಸಿಲು, ಕಿಲೋಮೀಟರುಗಟ್ಟಲೆ ತೆವಳುವ ಸಾಲು. ಒಣ ಕ್ಲಚ್ಚಿನ ಡಿಸಿಟಿಗೆ ಇದಕ್ಕಿಂತ ಕೆಟ್ಟ ದಿನ ಇಲ್ಲ. ಇಂಚಿಂಚು ತೆವಳುವಾಗ ಕ್ಲಚ್ಚು ಅರ್ಧ ಹಿಡಿದು ಉಜ್ಜುತ್ತಾ ಬಿಸಿಯಾಗುತ್ತೆ. ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿರುವ ಗಾಡಿಗಳು, ಉದಾಹರಣೆಗೆ ಆಲ್ಟ್ರೋಝ್ ಡಿಸಿಎ, ಇದನ್ನು ಚೆನ್ನಾಗಿ ತಡೀತವೆ. ಮುಂದಿನ ಗಾಡಿಯಿಂದ ಎರಡು ಗಾಡಿ ಜಾಗ ಬಿಟ್ಟು, ಜಾಗ ಆದಾಗ ಒಮ್ಮೆಗೆ ಹೋಗಿ ಪೂರ್ತಿ ನಿಲ್ಲಿಸಿ. ಏರಿನಲ್ಲಿ ಆಕ್ಸಿಲರೇಟರಿನಿಂದ ಗಾಡಿ ಹಿಡಿದು ನಿಲ್ಲಿಸಬೇಡಿ. ಮರುದಿನವೂ ಜಗ್ಗಿದ್ದರೆ, ಅಥವಾ ಎರಡು, ನಾಲ್ಕು, ಆರು ಗೇರುಗಳು ಮಾತ್ರ ಮಾಯವಾಗಿದ್ದರೆ, ಒಂದು ಕ್ಲಚ್ಚಿನ ಕಡೆ ದೋಷ. ಮೆಕಾಟ್ರಾನಿಕ್ ಯೂನಿಟ್ (ಡಿಸಿಟಿಯ ಕಂಪ್ಯೂಟರ್, ವಾಲ್ವುಗಳು ಒಟ್ಟಿಗಿರುವ ಭಾಗ) ಪೂರ್ತಿ ಬದಲಿಸಿದರೆ ಲಕ್ಷದ ಆಚೆ ಈಚೆ ಆಗುತ್ತೆ, ವಾರಂಟಿ ಪತ್ರ ಮೊದಲು ಹುಡುಕಿ.

ಸಿವಿಟಿಯಲ್ಲಿ ಗೇರೇ ಇಲ್ಲ ಅಂದ ಮೇಲೆ ಜಗ್ಗೋದು ಹೇಗೆ?

ಎತ್ತುವಾಗ ನಡುಗಿದರೆ ಆಯಿಲ್ ಅಥವಾ ಸ್ಟಾರ್ಟ್ ಕ್ಲಚ್ಚು. ಜೋರಾಗಿ ಒತ್ತಿದಾಗ ಇಂಜಿನ್ ಕೂಗಿ ಗಾಡಿ ನಿಧಾನ ಏರೋದು ಅದರ ಸ್ವಭಾವ. ಓಡುವಾಗ ಜೋರು ಸೀಟಿ ಸದ್ದಿನ ಜೊತೆ ಜಗ್ಗಿದರೆ ಬೆಲ್ಟು ಜಾರ್ತಿದೆ, ಅದೇ ದಿನ ನಿಲ್ಲಿಸಿ. ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿರೋದು ಬೆಲ್ಟಿನ ಸಿವಿಟಿ ಅಲ್ಲ, ಅದರ ಕಥೆ ಬೇರೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಟ್ಟರೆ ಎಣ್ಣೆ ಉಳಿಯುತ್ತಲ್ಲ?

ಡಿಯಲ್ಲೇ ಕಾಲು ತೆಗೆದರೆ ಇಂಜಿನ್ನಿಗೆ ಎಣ್ಣೆ ಹೋಗೋದೇ ನಿಲ್ಲುತ್ತೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಎಣ್ಣೆ ಬೇಕು. ಉಳಿತಾಯವೂ ಇಲ್ಲ, ಬ್ರೇಕಿನ ಮೇಲೆ ಭಾರ ಬೇರೆ. ಓಡ್ತಾ ಮತ್ತೆ ಡಿಗೆ ಹಾಕಿದಾಗ ಒಳಗಿನ ಕ್ಲಚ್ಚುಗಳಿಗೆ ಹೊಡೆತ.

ಹಳೇ ಆಟೋಮ್ಯಾಟಿಕ್ ಗಾಡಿ ನೋಡಿದ್ದೀನಿ, ಕೆಎ-17 ನಂಬರು, ಒಬ್ಬರೇ ಓನರು. ಏನು ನೋಡಲಿ?

ನಂಬರು, ಓನರು ಆಮೇಲೆ. ನೀವು ಹೋಗೋ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ, ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡಿ. ಬ್ರೇಕ್ ಒತ್ತಿ ಪಿಯಿಂದ ಆರ್, ಆರ್‌ನಿಂದ ಡಿ ಹಾಕಿ. ಒಂದು ಸೆಕೆಂಡಿನೊಳಗೆ ಗೇರ್ ಬಿದ್ದದ್ದು ಗೊತ್ತಾಗಬೇಕು. ತಡವಾಗಿ ಧಡ್ ಅಂದರೆ ಬೆಲೆ ಮಾತಾಡೋಕೆ ಅದೇ ಕಾರಣ. ಅರ್ಧ ಗಂಟೆ ಓಡಿಸಿ, ಟ್ರಾಫಿಕ್ಕೂ ಹೈವೇಯೂ ಒಂದು ಏರೂ ಇರಲಿ. ಬಿಸಿಯಾದ ಮೇಲೆ ಮತ್ತೆ ಅದೇ ಪರೀಕ್ಷೆ. ಕೊನೆಗೆ ಸ್ಕ್ಯಾನ್. ಕೋಡುಗಳೆಲ್ಲ ಈಗಷ್ಟೇ ಅಳಿಸಿದ್ದಾರೆ ಅಂತ ಸ್ಕ್ಯಾನರಿನಲ್ಲಿ ಕಂಡರೆ, ಅಂದರೆ ಕೋಡು ಅಳಿಸಿದ ಮೇಲಿನ ಕಿಲೋಮೀಟರ್ ಹತ್ತಿಪ್ಪತ್ತೇ ಇದ್ದರೆ, ನಮಸ್ಕಾರ ಹೇಳಿ ಬನ್ನಿ.

ಎಲ್ಲ ಆಯ್ತು, ಬಾಕ್ಸ್ ಇಳಿಸಲೇಬೇಕು ಅಂತಾರೆ. ಏನು ಕೇಳಲಿ?

ಯಾವ ಕೋಡು, ಯಾವ ಗೇರಿನಲ್ಲಿ, ಎಷ್ಟು ಬಿಸಿಯಲ್ಲಿ ಅಂತ ಬರೆದು ಕೊಡಲು ಹೇಳಿ. ಆಯಿಲ್ ಮತ್ತು ಆಯಸ್ಕಾಂತ ತೋರಿಸಲು ಕೇಳಿ. ಸೊಲೆನಾಯ್ಡೋ ವಾಲ್ವ್ ಬಾಡಿಯೋ ಮಾತ್ರ ಹೋಗಿದ್ದರೆ ಬಹಳ ಗಾಡಿಗಳಲ್ಲಿ ಬಾಕ್ಸ್ ಇಳಿಸದೇ ಅದನ್ನು ತೆಗೀಬಹುದು, ನಿಮ್ಮದರಲ್ಲಿ ಆಗುತ್ತಾ ಕೇಳಿ. ಇಳಿಸಿದರೆ ಕನ್ವರ್ಟರ್ ಬದಲಿಸ್ತಾರಾ ಅಥವಾ ಬಿಚ್ಚಿ ರಿಪೇರಿ ಮಾಡ್ತಾರಾ, ಕೂಲರ್ ತೊಳೀತಾರಾ, ಕಲಿಕೆ ಮಾಡಿ ಕೊಡ್ತಾರಾ, ಹಳೇ ಪಾರ್ಟ್ ನಿಮ್ಮ ಕೈಗೆ ಕೊಡ್ತಾರಾ, ಇಷ್ಟು ಮುಂಚೆಯೇ ಮಾತಾಗಲಿ. ಕೂಲರ್ ತೊಳೆಯದೆ ಹೊಸ ಬಾಕ್ಸ್ ಕೂರಿಸಿದರೆ ಹಳೇ ಬಾಕ್ಸಿನ ಚೂರುಗಳು ಹೊಸದಕ್ಕೂ ಹೋಗ್ತವೆ.

ಗಾಡಿ ತರುವಾಗ ಫೋನಿನಲ್ಲಿ ಒಂದು ವಿಡಿಯೊ ಇರಲಿ. ಜಗ್ಗುವ ಹೊತ್ತಿನ ಸ್ಪೀಡು, ಆರ್‌ಪಿಎಂ ಎರಡೂ ಕಾಣುವಂತೆ ಪಕ್ಕದಲ್ಲಿ ಕೂತವರು ಮೀಟರ್ ತೆಗೆದಿರಲಿ, ಓಡಿಸುವವರು ಬೇಡ. ‘ಸ್ವಲ್ಪ ಜಗ್ಗುತ್ತೆ ಅಣ್ಣ’ ಅನ್ನೋದಕ್ಕಿಂತ ಆ ವಿಡಿಯೊದಿಂದ ನಮಗೆ ಬೇಗ ದಾರಿ ಸಿಗುತ್ತೆ, ಬಿಲ್ಲೂ ಕಡಿಮೆಯಾಗುತ್ತೆ.